ಶಕ್ತಿ ಸೂಜಿ

ಕುರ್ಚಿ ಹೊರುವ ಕೆಲಸ ಪುಕ್ಕಟೆಗಳದು. ಸಭೆ ಯಾರದೇ ಇರಲಿ, ವಿಷಯ ಏನೇ ಇರಲಿ, ನೆಲಮಾಳಿಗೆಯ ಉಗ್ರಾಣದಿಂದ ಮಡಿಸುವ ಕಬ್ಬಿಣದ ಕುರ್ಚಿಗಳನ್ನು ಹೊತ್ತು, ಮೆಟ್ಟಿಲು ಹತ್ತಿ, ಸಭಾಂಗಣದಲ್ಲಿ ಸಾಲಾಗಿ ಹಾಕಬೇಕು. ಒಂದೊಂದು ತೋಳಿಗೆ ಎರಡೆರಡು. ಕುರ್ಚಿಯ ಕಾಲು ಹತ್ತುವವಳ ಮೊಣಕಾಲಿಗೆ ಬಡಿಯುತ್ತದೆ. ಬಡಿದ ಜಾಗ ಕಂದುಗಟ್ಟುತ್ತದೆ. ಅದು ಮಾಯುವಷ್ಟರಲ್ಲಿ ಇನ್ನೊಂದು ಸಭೆ.

ಆ ವಿಶ್ವವಿದ್ಯಾಲಯದಲ್ಲಿ ಹುಡುಗಿಯರಿಗೆ ಎರಡು ಹಾಸ್ಟೆಲ್. ಒಂದು ಫೀಸು ಕಟ್ಟುವವರದು. ಅದಕ್ಕೆ ಬಾಲ್ಕನಿ ಇತ್ತು. ಇನ್ನೊಂದು ಕಟ್ಟಲಾಗದವರದು. ಅದು ಅಡುಗೆಮನೆಯ ಹಿಂದೆ, ಬಾಯ್ಲರಿನ ಮಗ್ಗುಲಲ್ಲಿತ್ತು. ಬಾಗಿಲ ಮೇಲಿನ ಹಲಗೆಯಲ್ಲಿ ಯಾರೋ ದಾನಿಯ ಹೆಸರು ಕೆತ್ತಿದ್ದರು. ಜನರ ಬಾಯಲ್ಲಿ ಮಾತ್ರ ಅದು ಪುಕ್ಕಟೆ ಹಾಸ್ಟೆಲ್, ಅಲ್ಲಿರುವವರು ಪುಕ್ಕಟೆಗಳು. ಪುಕ್ಕಟೆ ಅನ್ನುವುದು ಸುಳ್ಳು. ಬೆಳಕು ಹರಿಯುವ ಮುಂಚೆ ಎದ್ದು ಕಾರಿಡಾರು ಒರೆಸಬೇಕು. ಊಟದ ಹಾಲಿನ ಎಂಜಲು ಬಳಿಯಬೇಕು. ಎರಡೂ ಹಾಸ್ಟೆಲ್ಲಿನ ಕಕ್ಕಸು ತೊಳೆಯಬೇಕು. ಆಮೇಲೆ ಕೈ ಮೂಸಿ ನೋಡಿಕೊಂಡು ಕ್ಲಾಸಿಗೆ ಓಡಬೇಕು.

ಅವರಲ್ಲೊಬ್ಬಳಿಗೆ ಕಡ್ಡಿ ಅಂತ ಹೆಸರು ಬಿದ್ದಿತ್ತು. ಬಂದಾಗ ಅಷ್ಟು ತೆಳ್ಳಗಿದ್ದಳು. ಅವಳ ಅಮ್ಮ ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಹಬೆಯ ಇಸ್ತ್ರಿ ಉರುಳೆಗೆ ಹಾಸಿಗೆಬಟ್ಟೆ ಹಾಯಿಸುವವಳು. ಅಪ್ಪ ಅನ್ನುವವನೊಬ್ಬ ಇದ್ದ ಅನ್ನುವುದಕ್ಕೆ ಮನೆಯ ಗೋಡೆಯ ಮೊಳೆಗೆ ತೂಗುಬಿದ್ದ ಒಂದು ಬೆಲ್ಟೇ ಸಾಕ್ಷಿ. ಓದಿನಲ್ಲಿ ಕಡ್ಡಿ ಗಟ್ಟಿ. ಪ್ರಾಣಿಶಾಸ್ತ್ರ ತೆಗೆದುಕೊಂಡಿದ್ದಳು. ಮೊಲದ ಗರ್ಭಕೋಶದ ಚಿತ್ರವನ್ನು ಅವಳಷ್ಟು ಚೊಕ್ಕವಾಗಿ ಬಿಡಿಸುವವರು ಕ್ಲಾಸಿನಲ್ಲಿ ಇರಲಿಲ್ಲ. ಮನುಷ್ಯರ ಪಾಠ ಬಂದಾಗ ಮಾತ್ರ ಮೇಷ್ಟ್ರು ಆ ಪುಟಗಳನ್ನೆಲ್ಲ ಒಟ್ಟಿಗೆ ಮಗುಚಿ, ಇದನ್ನ ನಿಮ್ಮ ನಿಮ್ಮ ರೂಮಲ್ಲಿ ಓದ್ಕೊಳ್ಳಿ, ಪರೀಕ್ಷೆಗೆ ಬರಲ್ಲ ಅಂದಿದ್ದರು. ಹುಡುಗರು ಮೇಜು ಬಡಿದಿದ್ದರು.

ಆ ದಿನದ ಸಭೆ ಹೆಣ್ಣುಮಕ್ಕಳ ಆರೋಗ್ಯದ್ದು. ದೂರದಿಂದ ಭಾಷಣಗಾರ್ತಿಯೊಬ್ಬರು ಬಂದಿದ್ದರು. ವೇದಿಕೆಯ ಮುಂದೆ ಉದ್ದನೆಯ ಮೇಜು, ಅದರ ಮೇಲೆ ನೀಲಿ ಬಟ್ಟೆ. ಬಟ್ಟೆಯ ಮೇಲೆ ಅಂಗಡಿ ಹರಡಿದ ಹಾಗೆ ಸಾಮಾನು ಇಟ್ಟಿದ್ದರು. ದಿನಕ್ಕೊಂದು ನುಂಗುವ ಗುಳಿಗೆ. ಎಡವಿದ ಮೇಲೆ ನುಂಗುವ ಗುಳಿಗೆ. ಕಾಂಡೋಮು. ತಾಮ್ರದ ತಂತಿ ಸುತ್ತಿದ ಕಾಪರ್ ಟಿ. ತೋಳಿನ ಚರ್ಮದಡಿ ಕೂರಿಸುವ, ಬೆಂಕಿಕಡ್ಡಿಯಂಥದೊಂದು ಕಡ್ಡಿ. ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಸೂಜಿಯ ಸಣ್ಣ ಸೀಸೆ. ಕಡ್ಡಿಯ ರೂಮಿನಲ್ಲಿದ್ದ ಗೆಳತಿಗೆ ರೇಡಿಯೋ ಅಂತ ಅಡ್ಡಹೆಸರು, ಒಮ್ಮೆ ಶುರುವಾದರೆ ನಿಲ್ಲಿಸುವ ಗುಂಡಿ ಯಾರಿಗೂ ಸಿಗುತ್ತಿರಲಿಲ್ಲ. ಅವಳು ಪೊರಕೆ ಹಿಡಿದು ಹಿಂದಿನ ಗೋಡೆಗೆ ಒರಗಿದ್ದವಳು, ನೋಡೇ, ನಿನ್ನ ಹೆಸರಿನದೂ ಒಂದು ಇದೆ, ನಿನ್ನನ್ನೇ ತುರುಕ್ತಾರಂತೆ ಅಂತ ಪಿಸುಗುಟ್ಟಿದಳು. ಹಿಂದಿನ ಸಾಲಿನವರು ತಿರುಗಿ ನೋಡಿದರು.

ಭಾಷಣಗಾರ್ತಿ ಚೆನ್ನಾಗಿ ಮಾತಾಡಿದರು. ನಿಮ್ಮ ಮೈ ನಿಮ್ಮದು, ಬೇಕೋ ಬೇಡವೋ, ಯಾವುದು, ಯಾವಾಗ, ಆರಿಸುವವರು ನೀವು, ಬೇರೆ ಯಾರೂ ಅಲ್ಲ ಅಂದರು. ಚಪ್ಪಾಳೆ ಬಿತ್ತು. ಬಾಲ್ಕನಿ ಹಾಸ್ಟೆಲ್ಲಿನವರು ಎದ್ದು ಹೋಗಿ ಮೇಜಿನ ಸುತ್ತ ನಿಂತು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದರು. ಪುಕ್ಕಟೆಗಳು ಕುರ್ಚಿ ಮಡಿಸಿದರು.

ಕಡ್ಡಿಗೆ ಆ ಮಾತು ಮನಸ್ಸಿನಲ್ಲಿ ಕೂತಿತು. ಯಾಕೆಂದರೆ ಅವಳಿಗೆ ಒಬ್ಬ ಇದ್ದ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿದು, ಅಂಟು ಹಚ್ಚಿ, ರಟ್ಟು ಹಾಕುವ ಬೈಂಡರ್. ಮಾತು ಕಮ್ಮಿ, ಬೆರಳು ಚುರುಕು. ಅವಳು ಕಸ ತೆಗೆಯಲು ಹೋದಾಗ ಎದ್ದು ತಾನೇ ಬುಟ್ಟಿ ಎತ್ತಿ ಕೊಟ್ಟಿದ್ದ. ಅಲ್ಲಿಯವರೆಗೂ ಅವಳಿಗಾಗಿ ಯಾರೂ ಬುಟ್ಟಿ ಎತ್ತಿರಲಿಲ್ಲ. ಅವನು ಒಮ್ಮೆ ಧೈರ್ಯ ಮಾಡಿ ಔಷಧಿ ಅಂಗಡಿಗೆ ಕಾಂಡೋಮ್ ತರಲು ಹೋಗಿದ್ದ. ಅಂಗಡಿಯವನು ಗ್ರಂಥಾಲಯದ ಗುಮಾಸ್ತರ ತಮ್ಮ. ಏನ್ ಬೇಕು ಅಂತ ಗಟ್ಟಿಯಾಗಿ ಕೇಳಿದ್ದಕ್ಕೆ ಬೈಂಡರ್ ಕೆಮ್ಮಿನ ಔಷಧಿ ತಂದಿದ್ದ. ಇಬ್ಬರೂ ರಟ್ಟಿನ ರಾಶಿಯ ಮೇಲೆ ಕೂತು ನಕ್ಕಿದ್ದರು. ನಕ್ಕ ಮೇಲೆ ಹೆದರಿದ್ದರು.

ಮರುದಿನ ಬೆಳಗ್ಗೆ ಅವಳು ಆರೋಗ್ಯ ಕೇಂದ್ರಕ್ಕೆ ಹೋದಳು. ಅದು ಅವಳು ದಿನಾ ಒರೆಸುವ ಜಾಗವೇ. ಆ ದಿನ ಬಕೆಟ್ಟು ಬದಿಗಿಟ್ಟು, ಕೈ ತೊಳೆದು, ಸಾಲಿನಲ್ಲಿ ಕೂತಳು. ಸರದಿ ಬಂದಾಗ ನರ್ಸಮ್ಮನ ಹತ್ತಿರ ಬಗ್ಗಿ, ನಿನ್ನೆ ಸಭೇಲಿ ತೋರಿಸಿದರಲ್ಲ ಆ ಗುಳಿಗೆ ಬೇಕಿತ್ತು ಅಂದಳು.

ನರ್ಸಮ್ಮ ತಲೆ ಎತ್ತಿದಳು. ಧ್ವನಿ ಇಳಿಸಲಿಲ್ಲ.

“ನಿಂಗ್ಯಾಕೆ ಅದು? ಓದೋಕೆ ಬಂದಿದ್ಯೋ, ಹೊರಳಾಡೋಕೆ ಬಂದಿದ್ಯೋ?”

ಬೆಂಚಿನ ಮೇಲಿದ್ದವರೆಲ್ಲ ನೋಡಿದರು. ನರ್ಸಮ್ಮ ಅವರಿಗೂ ಸೇರಿಸಿ ಹೇಳಿದಳು. ಅದೆಲ್ಲ ಆ ಕಡೆಯವರಿಗೆ, ಅವರಿಗೆ ಹೇಳೋರು ಕೇಳೋರು ಇದ್ದಾರೆ, ಏನಾದರೂ ಆದರೆ ನೋಡ್ಕೊಳ್ಳೋ ಶಕ್ತಿ ಇದೆ. ನಿಮಗೆ ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನೋ ಚಾಳಿ. ಅನ್ನ ಬಿಟ್ಟಿ, ಓದು ಬಿಟ್ಟಿ, ಈಗ ಇದೂ ಬಿಟ್ಟಿ ಬೇಕಾ ಅಂದಳು. ಪರದೆಯ ಹಿಂದೆ ಡಾಕ್ಟರ್ ಕೂತಿದ್ದ. ಕೇಳಿಸಿಕೊಂಡ. ಹೊರಗೆ ಬರಲಿಲ್ಲ.

ಕಡ್ಡಿ ಎದ್ದು ಬಕೆಟ್ಟು ತೆಗೆದುಕೊಂಡಳು. ಆ ದಿನದ ನೆಲ ಇನ್ನೂ ಒರೆಸಿರಲಿಲ್ಲ. ಬೆಂಚಿನವರು ಕಾಲು ಎತ್ತಿಕೊಟ್ಟರು, ಅವಳು ಅವರ ಕಾಲಡಿಯಲ್ಲಿ ಒರೆಸಿದಳು.

ಅದೇ ವಾರ ಶಕ್ತಿ ಸೂಜಿಯ ದಿನ ಬಂತು. ಮೂರು ತಿಂಗಳಿಗೊಮ್ಮೆ ಪುಕ್ಕಟೆ ಹಾಸ್ಟೆಲ್ಲಿನ ಎಲ್ಲರಿಗೂ ಆ ಸೂಜಿ. ಸೇರಿದ ದಿನದಿಂದ ಚುಚ್ಚುತ್ತಿದ್ದರು. ನೀವು ಅರೆಹೊಟ್ಟೆಯಲ್ಲಿ ಬೆಳೆದವರು, ಮೈಯಲ್ಲಿ ಕಸುವಿಲ್ಲ, ಕೆಲಸಾನೂ ಓದೂ ಎರಡೂ ತೂಗಿಸಬೇಕಲ್ಲ ಅಂತ ವಾರ್ಡನ್ ಮೇಡಂ ಮೊದಲ ದಿನವೇ ಹೇಳಿದ್ದರು. ಬೇಡ ಅನ್ನಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಶಕ್ತಿ ಯಾರಿಗೆ ಬೇಡ? ಸಾಲಿನಲ್ಲಿ ನಿಂತು ಬಟ್ಟೆಯ ತೋಳು ಮೇಲಕ್ಕೆ ಮಡಿಸಿದರು. ಕಡ್ಡಿಯ ತೋಳಿಗೆ ಅದೇ ನರ್ಸಮ್ಮ ಚುಚ್ಚಿದಳು. ಹತ್ತಿಯಿಂದ ಒತ್ತುತ್ತಾ, ಮೈ ಮೇಲೆ ಜ್ಞಾನ ಇಟ್ಕೊಂಡಿರು ಅಂದಳು.

ಆ ಸೂಜಿ ಶುರುವಾದ ಮೇಲೆ ಕಡ್ಡಿಗೆ ಮೊದಲು ವಾರಗಟ್ಟಲೆ ರಕ್ತ ಹೋಗುತ್ತಿತ್ತು. ನಿಂತಿತು ಅನ್ನುವಷ್ಟರಲ್ಲಿ ಮತ್ತೆ. ಬಟ್ಟೆ ಒಗೆದು ಬಾಯ್ಲರಿನ ಕೊಳವೆಯ ಮೇಲೆ ಒಣಗಿಸುವುದೇ ಒಂದು ಕೆಲಸವಾಗಿತ್ತು. ಆಮೇಲೆ ಒಂದು ದಿನ ಮುಟ್ಟು ನಿಂತೇಹೋಯಿತು. ಹಾಸ್ಟೆಲ್ಲಿನಲ್ಲಿ ಹೆಚ್ಚು ಕಮ್ಮಿ ಎಲ್ಲರದೂ ಅದೇ ಕಥೆ. ಕೇಳಿದಾಗ ನರ್ಸಮ್ಮ ನೀರು ಬದಲಾಗಿದೆ, ಹವಾ ಬದಲಾಗಿದೆ, ಸರಿಹೋಗುತ್ತೆ ಅಂದಿದ್ದಳು. ಕಕ್ಕಸು ತೊಳೆಯುವ ಹುಡುಗಿಯರಿಗೆ ಅದೊಂದು ರಗಳೆ ತಪ್ಪಿದ್ದೇ ಸಾಕಾಗಿತ್ತು. ರೇಡಿಯೋ ಅಂತೂ ಈ ನೀರನ್ನ ಬಾಟ್ಲೀಲಿ ತುಂಬಿ ಮಾರಬೇಕು ಅನ್ನುತ್ತಿದ್ದಳು. ಮೈ ಊದಿಕೊಂಡಿತು. ಕಡ್ಡಿ ಕಡ್ಡಿಯಾಗಿ ಉಳಿಯಲಿಲ್ಲ. ಹೆಸರು ಮಾತ್ರ ಹಾಗೇ ಉಳಿಯಿತು.

ಬೈಂಡರ್ ಬರುವ ಮುಂಚೆ ನಿಂತ ಮುಟ್ಟು ಅವಳಿಗೆ ಲೆಕ್ಕಕ್ಕಿರಲಿಲ್ಲ. ಅವನು ಬಂದ ಮೇಲೆ ಅದು ಕುತ್ತಿಗೆಗೆ ಬಂತು. ನೀರು ಬದಲಾಗಿ ನಿಂತಿದೆಯೋ, ಹೊಟ್ಟೆಯಲ್ಲಿ ಏನಾದರೂ ನಿಂತಿದೆಯೋ ಹೇಗೆ ತಿಳಿಯುವುದು? ಬೆಳಗ್ಗೆ ಎದ್ದರೆ ವಾಕರಿಕೆ. ಹೆದರಿಕೆಗೂ ವಾಕರಿಕೆ ಬರುತ್ತದೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಹೊಟ್ಟೆ ಮುಟ್ಟಿ ಮುಟ್ಟಿ ನೋಡಿಕೊಂಡಳು. ಊದಿದ ಹೊಟ್ಟೆ ಊದಿದ ಹಾಗೇ ಕಾಣುತ್ತಿತ್ತು. ಊಟ ಬಿಟ್ಟಳು. ತೋಳಿಗೆ ಮೂರು ಮೂರು ಕುರ್ಚಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು. ಯಾರೂ ಇಲ್ಲದಾಗ ಕೊನೆಯ ಮೆಟ್ಟಿಲುಗಳಿಂದ ಜಿಗಿದಳು. ಪಾದ ಉಳುಕಿತು. ಬೇರೇನೂ ಆಗಲಿಲ್ಲ. ಕೊನೆಗೆ ಅಮ್ಮನಿಗೆ ಹುಷಾರಿಲ್ಲ ಅಂತ ಹಾಸ್ಟೆಲ್ಲಿನಲ್ಲಿ ಸುಳ್ಳು ಹೇಳಿ, ಬಸ್ಸು ಹತ್ತಿ, ಊರಿನ ಆ ತುದಿಯ ಹೆಂಗಸರ ದವಾಖಾನೆಗೆ ಹೋದಳು.

ಅಲ್ಲಿನ ಡಾಕ್ಟರಮ್ಮ ದಣಿದ ಮುಖದವರು. ಕೂಗಾಡಲಿಲ್ಲ. ಪರೀಕ್ಷೆ ಮಾಡಿಸಿ, ಏನೂ ಇಲ್ಲ, ಹೋಗು ಅಂದರು. ಕಡ್ಡಿ ಏಳಲಿಲ್ಲ. ಹಂಗಾದರೆ ಮುಟ್ಟು ಯಾಕೆ ನಿಂತಿದೆ ಅಂತ ಕೇಳಿದಳು. ಎಷ್ಟು ದಿನದಿಂದ ಅಂದಾಗ ವರ್ಷದ ಮೇಲಾಯಿತು ಅಂದಳು. ಔಷಧಿ ಏನಾದರೂ ತಗೋತೀಯಾ ಅಂದರು. ಇಲ್ಲ ಅಂದಳು. ಆಮೇಲೆ ನೆನಪಾಗಿ, ಹಾಸ್ಟೆಲ್ಲಲ್ಲಿ ಶಕ್ತಿ ಸೂಜಿ ಹಾಕ್ತಾರೆ, ಮೂರು ತಿಂಗಳಿಗೊಂದು ಅಂದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಮೂರು ತಿಂಗಳಿಗೊಂದು ಹಾಕೋ ಶಕ್ತಿ ಸೂಜಿ ನನಗೆ ಗೊತ್ತಿಲ್ಲಮ್ಮ. ಮಕ್ಕಳಾಗದ ಹಾಗೆ ಹಾಕೋ ಸೂಜಿ ಗೊತ್ತು. ಸೀಸೆ ಮೇಲಿನ ಹೆಸರು ನೋಡು.” ಬಾಗಿಲ ಕಡೆ ನೋಡಿ, “ನಾನು ಹೇಳಿದೆ ಅನ್ಬೇಡ. ಇಲ್ಲಿಗೆ ನಿಮ್ಮ ಹಾಸ್ಟೆಲ್ಲಿನವರ ಕಡೆಯಿಂದಾನೇ ಔಷಧಿ ಬರುತ್ತೆ,” ಅಂದರು.

ಬಸ್ಸಿನಲ್ಲಿ ಕೂತಾಗ ಕಡ್ಡಿಗೆ ಮೊದಲು ಬಂದದ್ದು ನಗು. ಹೊಟ್ಟೆಯಲ್ಲಿ ಏನೂ ಇಲ್ಲ. ಎದೆಯ ಮೇಲಿನ ಬಂಡೆ ಉರುಳಿದಂತಾಗಿ ಕಿಟಕಿಗೆ ಮುಖ ಒತ್ತಿ ನಕ್ಕಳು. ಕೆಲವು ನಿಲ್ದಾಣ ದಾಟಿದ ಮೇಲೆ ನಗು ನಿಂತಿತು. ಬೆಂಚಿನವರು ಕಾಲು ಎತ್ತಿಕೊಟ್ಟದ್ದು ನೆನಪಾಯಿತು. ತಾನು ಕೇಳಿದ್ದನ್ನು ತನ್ನ ತೋಳಿನೊಳಗೆ ಮೊದಲೇ ಇಟ್ಟು, ಕೇಳಿದ್ದಕ್ಕೆ ತನ್ನ ಮಾನ ಕಳೆದಿದ್ದರು. ಗೊತ್ತಿದ್ದೂ ಕಳೆದಿದ್ದರು. ಜಿಗಿದ ಮೆಟ್ಟಿಲು ನೆನಪಾಯಿತು. ಉಳುಕಿದ ಕಾಲು ಚಪ್ಪಲಿಯೊಳಗೆ ಇನ್ನೂ ಊದಿಕೊಂಡಿತ್ತು.

ಮರುದಿನ ಧೂಳು ಹೊಡೆಯುವ ನೆಪದಲ್ಲಿ ಆರೋಗ್ಯ ಕೇಂದ್ರದ ಕಪಾಟು ತೆರೆದಳು. ಅಲ್ಲಿದ್ದ ಸೂಜಿಮದ್ದಿನ ಪೆಟ್ಟಿಗೆಯನ್ನು ಅವಳು ವಾರವಾರ ಒರೆಸುತ್ತಿದ್ದಳು, ಒಳಗೆ ಏನಿದೆ ಅಂತ ನೋಡಿರಲಿಲ್ಲ. ಸೀಸೆ ಎತ್ತಿ ಓದಿದಳು. ನೀಲಿ ಬಟ್ಟೆಯ ಮೇಲೆ ಇಟ್ಟಿದ್ದ ಸೀಸೆಯೇ. ಅದೇ ಹೆಸರು.

ಸೀಸೆ ಹಿಡಿದೇ ಡಾಕ್ಟರನ ಮುಂದೆ ನಿಂತಳು. ಇದು ಏನು ಸರ್ ಅಂದಳು. ಡಾಕ್ಟರ್ ಸೀಸೆ ನೋಡಿದ, ಅವಳನ್ನು ನೋಡಿದ, ಗಾಬರಿಯಾಗಲಿಲ್ಲ. ಕೂತ್ಕೋ ಅಂದ. ಅವಳು ಕೂರಲಿಲ್ಲ.

“ನೋಡು, ನೀನೇ ಆವತ್ತು ಬಂದು ಕೇಳಿದ್ದು ಇದನ್ನೇ ಅಲ್ವಾ? ನೀನು ಕೇಳೋಕೆ ಮುಂಚೇನೇ ಕೊಟ್ಟಿದ್ದೀವಿ. ಇದರಲ್ಲಿ ಕೋಪ ಮಾಡ್ಕೊಳ್ಳೋದೇನಿದೆ?”

“ಆವತ್ತು ನನ್ನನ್ನ ಎಲ್ಲರ ಮುಂದೆ ಬೈದು ಕಳಿಸಿದ್ರಿ.”

“ಬೈಯೋದು ನರ್ಸಮ್ಮನ ಕೆಲಸ. ಸೂಜಿ ನನ್ನ ಕೆಲಸ.”

ಅವನು ವಾರ್ಡನ್ ಮೇಡಂಗೆ ಫೋನು ಮಾಡಿದ. ಮೇಡಂ ಬಂದು ಬಾಗಿಲು ಹಾಕಿಕೊಂಡು ಮಾತಾಡಿದರು. ದಾನಿಗಳು ಕೇಳುತ್ತಾರೆ, ನಾವು ಸಾಕುವ ಹುಡುಗಿಯರು ಡಿಗ್ರಿ ಮುಗಿಸುತ್ತಾರೋ, ಹೊಟ್ಟೆ ಹೊತ್ತುಕೊಂಡು ಅರ್ಧಕ್ಕೇ ಹೋಗುತ್ತಾರೋ ಅಂತ. ಹಿಂದೆ ಹಾಗೆ ಹೋದವರಿದ್ದಾರೆ. ಒಬ್ಬಳು ಹೋದರೆ ಒಂದು ಸೀಟು ಹಾಳು. ನಿಮಗೆ ಬಿಡಿಸಿ ಹೇಳಿದರೆ ಅದನ್ನೇ ಲೈಸೆನ್ಸು ಅಂದುಕೊಂಡು ಊರೂರು ಮೇಯುತ್ತೀರಿ, ಅದಕ್ಕೇ ಹೇಳಲಿಲ್ಲ ಅಂದರು. ಕೊನೆಗೆ, ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಅನ್ನುವ ಗಾದೆ ಹೇಳಿ, ಬಾಯಿ ಮುಚ್ಚಿಕೊಂಡಿರುವಂತೆ ಹೇಳಿ ಕಳಿಸಿದರು.

ಕಡ್ಡಿ ಬಾಯಿ ಮುಚ್ಚಲಿಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ಸುತ್ತ ನಿಂತಿದ್ದಾಗ ಎಲ್ಲರಿಗೂ ಹೇಳಿದಳು. ನಲ್ಲಿ ನಿಲ್ಲಿಸಿ ಕೇಳಿದರು. ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಕೆಲವರು, ಇರಲಿ ಬಿಡೇ, ನಮಗೇನು ಈಗ ಮಕ್ಕಳು ಬೇಕಾ, ರಗಳೆ ಇಲ್ಲ ಅಂದರು. ಓದು ಮುಗಿದೊಡನೆ ಮದುವೆ ಅಂತ ನಿಶ್ಚಯವಾಗಿದ್ದವಳೊಬ್ಬಳಿದ್ದಳು, ಅವಳನ್ನು ಮದುಮಗಳು ಅಂತಲೇ ಕರೆಯುತ್ತಿದ್ದರು. ಅವಳು ತೊಟ್ಟಿಯ ಅಂಚು ಹಿಡಿದುಕೊಂಡು, ಆಮೇಲೆ ಮಕ್ಕಳಾಗುತ್ತಾ ಅಂತ ಕೇಳಿದಳು. ಸೂಜಿ ಬಿಟ್ಟ ಮೇಲೂ ವರ್ಷ ಹಿಡಿಯಬಹುದಂತೆ ಅಂತ ಕಡ್ಡಿ ಪುಸ್ತಕದಲ್ಲಿ ಓದಿದ್ದನ್ನು ಹೇಳಿದಳು. ಒಂದು ವರ್ಷ ಅವರು ಕಾಯ್ತಾರಾ ಅಂತ ಮದುಮಗಳು ಕೇಳಿದಳು. ಒಬ್ಬಳು ನಲ್ಲಿಯನ್ನು ಮತ್ತೆ ತಿರುಗಿಸಿದಳು.

ರೇಡಿಯೋ ಎಲ್ಲರಿಗಿಂತ ಹೆಚ್ಚು ಉರಿದಳು. ಹಟ್ಟಿಯ ದನಕ್ಕೂ ಚುಚ್ಚುವ ಮುಂಚೆ ಸವರುತ್ತಾರೆ, ನಮಗೆ ಅದೂ ಇಲ್ಲ ಅಂದಳು. ಮುಂದಿನ ಸಲ ಒಬ್ಬರೂ ತೋಳು ಕೊಡಬಾರದು, ಒಬ್ಬಳನ್ನ ಓಡಿಸಬಹುದು, ಎಲ್ಲರನ್ನೂ ಓಡಿಸಿದರೆ ಕಕ್ಕಸು ತೊಳೆಯೋರು ಯಾರು ಅಂದಳು. ಆ ಮಾತು ಎಲ್ಲರಿಗೂ ಹಿಡಿಸಿತು. ಒದ್ದೆ ಕೈ ಒದ್ದೆ ಕೈ ಮುಟ್ಟಿಸಿ ಆಣೆ ಮಾಡಿದರು. ಆ ಹಾಸ್ಟೆಲ್ಲಿಗೆ ಬಂದ ಮೇಲೆ ಕಡ್ಡಿಗೆ ಅಷ್ಟು ಹಗುರವಾದ ದಿನ ಇನ್ನೊಂದಿರಲಿಲ್ಲ.

ಬೈಂಡರನಿಗೂ ಹೇಳಿದಳು. ಅವನು ಅಂಟಿನ ಕುಂಚ ಹಿಡಿದೇ ಕೇಳಿ, ಉಸಿರು ಬಿಟ್ಟ.

“ಅಯ್ಯೋ, ಒಳ್ಳೇದೇ ಆಯ್ತಲ್ಲ. ನಾವು ಸುಮ್ನೆ ಹೆದರ್ಕೊಂಡಿದ್ವಿ.”

ಕೆಟ್ಟವನಲ್ಲ. ಅವನಿಗೆ ಹೊಳೆದದ್ದು ಅಷ್ಟೇ. ಅವಳು ಬುಟ್ಟಿ ತಾನೇ ಎತ್ತಿಕೊಂಡು ಹೊರಗೆ ಬಂದಳು. ಆಮೇಲೆ ಆ ಕೋಣೆಯ ಕಸ ತೆಗೆಯುವ ಕೆಲಸವನ್ನು ಬೇರೆಯವಳಿಗೆ ಬದಲಿಸಿಕೊಂಡಳು.

ಸೂಜಿಯ ದಿನ ಸಾಲು ನಿಂತಿತು. ಆರೋಗ್ಯ ಕೇಂದ್ರದ ಬಾಗಿಲಿನಿಂದ ಬಾಯ್ಲರಿನವರೆಗೆ. ವಾರ್ಡನ್ ಮೇಡಂ ಯಾವತ್ತೂ ಬರುತ್ತಿರಲಿಲ್ಲ, ಆ ದಿನ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ, ಗೋಡೆಗೆ ಅಂಟಿಕೊಂಡು, ಕಡ್ಡಿಯ ಅಮ್ಮ ನಿಂತಿದ್ದಳು. ಕೆಲಸದ ಬಟ್ಟೆಯಲ್ಲೇ ಇದ್ದಳು. ಅರ್ಧ ಪಾಳಿಯಲ್ಲಿ ಕರೆಸಿದ್ದರು.

ಮೇಡಂ ಎದ್ದು ನಿಂತು ಹೇಳಿದರು. ಸೂಜಿ ಏನು ಅಂತ ಈಗ ಎಲ್ಲರಿಗೂ ಗೊತ್ತಾಗಿದೆ, ಒಳ್ಳೆಯದಾಯಿತು, ಮುಚ್ಚುಮರೆ ಬೇಡ. ಬೇಡ ಅನ್ನುವವರಿಗೆ ಬಲವಂತ ಇಲ್ಲ. ಅವರು ಈ ಕಡೆ ಬಂದು ನಿಲ್ಲಲಿ. ಹೊಟ್ಟೆ ಬರಿಸಿಕೊಳ್ಳುವ ಆಸೆ ಯಾರ್ಯಾರಿಗೆ ಇದೆ ಅಂತ ಅವರವರ ಮನೆಗೆ ನಾನೇ ಫೋನು ಮಾಡಿ ತಿಳಿಸುತ್ತೇನೆ. ಸಾಮಾನು ಕಟ್ಟಿಕೊಂಡು ಹೋಗಲು ಸಂಜೆಯವರೆಗೆ ಸಮಯ.

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ರೇಡಿಯೋ. ಕಡ್ಡಿ ಅವಳ ಬೆನ್ನನ್ನೇ ನೋಡುತ್ತಿದ್ದಳು. ಆ ಬೆನ್ನು ಒಮ್ಮೆ ನೆಟ್ಟಗಾಯಿತು. ಆಮೇಲೆ ಬಗ್ಗಿತು. ರೇಡಿಯೋ ತೋಳು ಮಡಿಸಿ ಕೊಟ್ಟಳು. ಚುಚ್ಚಿದ ಜಾಗ ಒತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಗೋಡೆಯ ಪಕ್ಕದಲ್ಲೇ ಸರಿದು ಹೋದಳು. ಅವಳ ಹಿಂದೆ ಇನ್ನೊಬ್ಬಳು. ಮತ್ತೊಬ್ಬಳು. ಮದುಮಗಳು ಕಣ್ಣು ಮುಚ್ಚಿಕೊಂಡು ಕೊಟ್ಟಳು. ಮನೆಗೆ ಅಂಥ ಫೋನು ಹೋದರೆ ಮದುವೆಯೇ ಇರುವುದಿಲ್ಲ, ಇನ್ನು ಮಗುವೆಲ್ಲಿಯದು?

ಕಡ್ಡಿಯ ಸರದಿ ಬಂತು. ಅವಳು ತೋಳು ಬಿಗಿಹಿಡಿದು ನಿಂತಳು. ನರ್ಸಮ್ಮ ತೋಳು ಮುಟ್ಟಲಿಲ್ಲ. ಮೇಡಂ ಅಮ್ಮನಿಗೆ ಕಣ್ಸನ್ನೆ ಮಾಡಿದರು. ಅಮ್ಮ ಹತ್ತಿರ ಬಂದು ಮಗಳ ಬಟ್ಟೆಯ ತೋಳನ್ನು ತಾನೇ ಮಡಿಸತೊಡಗಿದಳು. ಹಬೆ ತಗಲಿ ತಗಲಿ ಆ ಕೈಯ ಚರ್ಮ ನುಣ್ಣಗಾಗಿತ್ತು, ಮೇಣ ಸವರಿದ ಹಾಗೆ. ಉಗುರು ಅರ್ಧವೇ ಇದ್ದವು.

“ಹಾಕಿಸ್ಕೊ ಮಗಳೇ. ಏನೂ ಆಗಲ್ಲ. ನನಗೆ ಲಾಂಡ್ರಿಯೋರು ಆಪರೇಷನ್ನೇ ಮಾಡಿಸಿದ್ರು. ಆಗ ನೀನಿನ್ನೂ ಕೂಸು. ಹೆರೋ ಹೆಂಗಸು ಕೆಲಸಕ್ಕಾಗಲ್ಲ ಅಂದ್ರು, ಹೋಗಿ ಮಲಗಿದೆ. ಕೆಲಸ ಕಾಯಂ ಆಯ್ತು. ಆ ಕೆಲಸದಲ್ಲೇ ನೀನು ಉಂಡಿದ್ದು.”

ಕಡ್ಡಿಗೆ ಅದು ಗೊತ್ತಿರಲಿಲ್ಲ. ತಾನು ಒಬ್ಬಳೇ ಮಗಳು ಯಾಕೆ ಅಂತ ಅವಳು ಯಾವತ್ತೂ ಕೇಳಿರಲಿಲ್ಲ. ಅಪ್ಪ ಬಿಟ್ಟುಹೋದದ್ದಕ್ಕೆ ಅಂದುಕೊಂಡಿದ್ದಳು. ಅಪ್ಪ ಯಾಕೆ ಬಿಟ್ಟುಹೋದ ಅಂತ ಈಗ ಕೇಳುವ ಜಾಗ ಅದಾಗಿರಲಿಲ್ಲ.

“ನಿನ್ನನ್ನ ಕೇಳಿದ್ರಾ ಅಮ್ಮಾ?”

“ನನ್ನಂಥೋರನ್ನ ಯಾರು ಕೇಳ್ತಾರೆ?”

ಕಡ್ಡಿ ಅಮ್ಮನ ಕೈಯನ್ನು ತನ್ನ ತೋಳಿನ ಮೇಲಿಂದ ಎತ್ತಿ, ಮೆಲ್ಲಗೆ ಕೆಳಗೆ ಬಿಟ್ಟಳು. ಬಟ್ಟೆಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. ನರ್ಸಮ್ಮನ ಕಡೆ ತಿರುಗಿದಳು.

“ನಂಗೆ ಬೇಕಾದಾಗ ಬಂದು ಕೇಳಿದೆ. ಕೊಡಲ್ಲ ಅಂದ್ರಿ. ಈಗ ಬೇಡ ಅಂತಿದ್ದೀನಿ. ಇದನ್ನಾದ್ರೂ ಕೇಳಿ.”

ಗಟ್ಟಿಯಾಗಿ ಹೇಳಲಿಲ್ಲ. ಆದರೆ ಸಾಲಿನ ಕೊನೆಯವರೆಗೂ ಕೇಳಿಸಿತು. ಕೇಳಿಸಿತು, ಅಷ್ಟೇ. ಅವಳ ಹಿಂದಿದ್ದವಳು ತೋಳು ಮಡಿಸಿಕೊಂಡು ಮುಂದೆ ಬಂದಳು. ನರ್ಸಮ್ಮ ಹೊಸ ಸೂಜಿ ಬಿಚ್ಚಿದಳು. ಮೇಡಂ, ಮಗಳ ಸಾಮಾನು ನೀವೇ ಕಟ್ಟಿ ಅಂತ ಅಮ್ಮನಿಗೆ ಹೇಳಿದರು.

ಬಸ್ಸಿನಲ್ಲಿ ಅಮ್ಮ ಸಾಮಾನಿನ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮನೆಗೆ ಬಂದು ಒಲೆ ಹಚ್ಚಿ, ಅದರ ಮುಂದೆ ಕೂತು, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಂದಳು. ಮಗಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಡ್ಡಿ ಸುಮ್ಮನೆ ಕೂರಲಿಲ್ಲ. ಹೆಂಗಸರ ದೂರು ಕೇಳುವ ಕಚೇರಿಗೆ ಹೋದಳು. ಅಲ್ಲಿದ್ದವರು ಪೂರ್ತಿ ಕೇಳಿಸಿಕೊಂಡು, ನಿನ್ನ ಜೊತೆ ಇನ್ನೂ ಇಬ್ಬರು ಬಂದು ಹೇಳಲಿ, ಒಬ್ಬಳ ಮಾತು ನಿಲ್ಲಲ್ಲ ಅಂದರು. ಅವಳು ವಿಶ್ವವಿದ್ಯಾಲಯದ ಗೇಟಿನ ಹೊರಗೆ ನಿಂತು ರೇಡಿಯೋಗೆ ಹೇಳಿಕಳಿಸಿದಳು. ರೇಡಿಯೋ ಬರಲಿಲ್ಲ. ಮದುಮಗಳು ಬಂದಳು, ದೂರದಿಂದಲೇ ಕೈ ಮುಗಿದು ಒಳಗೆ ಹೋದಳು. ಕಡ್ಡಿ ಭಾಷಣಗಾರ್ತಿಯ ನಂಬರು ಹೇಗೋ ಹುಡುಕಿ ಫೋನು ಮಾಡಿದಳು. ಅವರ ಸಹಾಯಕಿ ಮಾತಾಡಿ, ಮೇಡಂ ಸಂಸ್ಥೆಗಳು ಕರೆದರೆ ಮಾತ್ರ ಬರ್ತಾರೆ, ನೀವು ಯಾವ ಸಂಸ್ಥೆ ಅಂತ ಕೇಳಿದಳು. ದವಾಖಾನೆಯ ಡಾಕ್ಟರಮ್ಮ ಅವಳನ್ನು ಕಂಡು ಮುಖ ತಿರುಗಿಸಲಿಲ್ಲ. ತಲೆ ತಗ್ಗಿಸಿದರು. ಅದು ಇನ್ನೂ ಕಷ್ಟವಾಗಿತ್ತು.

ಆಮೇಲೆ ಅಮ್ಮನ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದಳು. ಉರುಳೆಯ ಆ ತುದಿಗೆ ಅಮ್ಮ, ಈ ತುದಿಗೆ ಮಗಳು. ಒದ್ದೆ ಹಾಸಿಗೆಬಟ್ಟೆ ಅಲ್ಲಿಂದ ಒಳಗೆ ಹೋಗುತ್ತದೆ, ಬಿಸಿಯಾಗಿ ಇಲ್ಲಿ ಹೊರಬರುತ್ತದೆ. ಹಿಡಿದು, ಎಳೆದು, ಮಡಿಸಿ, ಒಟ್ಟಬೇಕು. ತಡವಾದರೆ ಮುದುರುತ್ತದೆ, ಬೇಗ ಹಿಡಿದರೆ ಬೆರಳು ಬೇಯುತ್ತದೆ. ಮೊದಲ ವಾರದಲ್ಲೇ ಅಂಗೈಯಲ್ಲಿ ಬೊಬ್ಬೆ ಎದ್ದವು. ಹಬೆಯ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ತಾಯಿ ಮಗಳಿಗೆ ಅದು ಅನುಕೂಲವೇ ಆಯಿತು. ಒಂದು ಮಧ್ಯಾಹ್ನ, ಸೂಜಿ ಬಿಟ್ಟು ಎಷ್ಟೋ ತಿಂಗಳಾದ ಮೇಲೆ, ಅವಳಿಗೆ ಮುಟ್ಟು ಬಂತು. ಕಿಬ್ಬೊಟ್ಟೆ ಹಿಂಡಿ, ತೊಡೆಯ ಮೇಲೆ ಬಿಸಿ ಇಳಿಯಿತು. ಸಂತೋಷವಾಗಬೇಕಿತ್ತು. ಮೇಸ್ತ್ರಿ ಹೆಂಗಸನ್ನು ಕೇಳಿ ಹರಿದ ಬಟ್ಟೆಯ ತುಂಡೊಂದು ಇಸ್ಕೊಂಡು, ಕಕ್ಕಸಿಗೆ ಹೋಗಿ ಬಂದು, ಮತ್ತೆ ಉರುಳೆಯ ತುದಿಗೆ ನಿಂತಳು.

ಹೊಸಬರನ್ನು ಸೇರಿಸಿಕೊಳ್ಳುವ ದಿನ ಅವಳು ಕೆಲಸಕ್ಕೆ ರಜೆ ಹಾಕಿ ವಿಶ್ವವಿದ್ಯಾಲಯದ ಗೇಟಿಗೆ ಹೋದಳು. ಟ್ರಂಕು, ಚೀಲ, ಸುತ್ತಿದ ಹಾಸಿಗೆ ಹೊತ್ತ ಹುಡುಗಿಯರು ಅಪ್ಪ ಅಮ್ಮಂದಿರ ಜೊತೆ ಬರುತ್ತಿದ್ದರು. ಯಾರು ಬಾಲ್ಕನಿಯವರು, ಯಾರು ಬಾಯ್ಲರಿನವರು ಅಂತ ಅವಳಿಗೆ ಚಪ್ಪಲಿ ನೋಡಿದರೇ ಗೊತ್ತಾಗುತ್ತಿತ್ತು. ಬಾಯ್ಲರಿನವರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಹೇಳಿದಳು. ಶಕ್ತಿ ಸೂಜಿ ಅಂತಾರೆ, ಶಕ್ತಿಗಲ್ಲ ಅದು, ಮಕ್ಕಳಾಗದ ಹಾಗೆ ಹಾಕೋದು. ಬೇಕು ಅನ್ನಿಸಿದರೆ ತಿಳ್ಕೊಂಡು ಹಾಕಿಸ್ಕೊಳ್ಳಿ, ಬೇಡ ಅನ್ನಿಸಿದರೆ ಬೇಡ ಅನ್ನಿ. ಎಲ್ಲರೂ ಒಟ್ಟಿಗೆ ಅನ್ನಿ. ತಾಯಂದಿರು ಮಗಳ ರಟ್ಟೆ ಹಿಡಿದು ಆಚೆ ಎಳೆದುಕೊಂಡರು. ಒಬ್ಬ ಅಪ್ಪ, ಇವಳಿಗೆ ತಲೆ ಕೆಟ್ಟಿದೆ ಅಂದ. ಕಾವಲಿನವನಿಗೆ ಅವಳ ಪರಿಚಯವಿತ್ತು. ಅವನು ಬಂದು, ಹೋಗಮ್ಮ ತಾಯಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡ ಅಂದ. ಅವಳು ರಸ್ತೆಯ ಆ ಬದಿಗೆ ಹೋಗಿ ನಿಂತಳು.

ಹಗ್ಗ ಬಿಗಿದ ಟ್ರಂಕು ಹೊತ್ತ ಒಬ್ಬಳು ಮಾತ್ರ ರಸ್ತೆ ದಾಟಿ ಹತ್ತಿರ ಬಂದಳು. ಜೊತೆಗೆ ಯಾರೂ ಇರಲಿಲ್ಲ. ಟ್ರಂಕು ಇಳಿಸಿ, ಬೆವರು ಒರೆಸಿಕೊಂಡು, ಎಲ್ಲವನ್ನೂ ಕೇಳಿದಳು. ನಡುನಡುವೆ ತಲೆಯಾಡಿಸಿದಳು. ಕಡ್ಡಿಯ ಬೊಬ್ಬೆಗಟ್ಟಿದ ಕೈ ನೋಡಿದಳು. ಗೇಟಿನ ಆಚೆಯ ಕಟ್ಟಡ ನೋಡಿದಳು. ಮತ್ತೆ ಕೈ ನೋಡಿದಳು.

“ಬೇಡ ಅಂದಿದ್ದಕ್ಕೇ ನಿಮ್ಮ ಸೀಟು ಹೋಯ್ತಾ ಅಕ್ಕಾ?”

“ಹೂಂ.”

“ತುಂಬಾ ನೋಯುತ್ತಾ ಅದು?”

ಕಡ್ಡಿ ಸುಳ್ಳು ಹೇಳಬಹುದಿತ್ತು.

“ಸೂಜಿ ನೋಯಲ್ಲ,” ಅಂದಳು.

“ಹಂಗಾದ್ರೆ ಆಯ್ತು ಬಿಡಿ,” ಅಂತ ಹುಡುಗಿ ಟ್ರಂಕಿಗೆ ಕೈ ಹಾಕಿದಳು. ಒಬ್ಬಳಿಗೇ ಎತ್ತಲಾಗಲಿಲ್ಲ. ಕಡ್ಡಿ ಬಗ್ಗಿ ಒಂದು ಕೈ ಕೊಟ್ಟು ಅವಳ ತಲೆಯ ಮೇಲೆ ಹೊರಿಸಿದಳು.

ಹುಡುಗಿ ಗೇಟು ದಾಟಿ ಒಳಗೆ ಹೋದಳು.